ಒಂದು ಮದುವೆ, ಎರಡು ತೀರ್ಪು: ವ್ಯಾಟಿಕನ್ ಕಾನೂನು ಎಲ್ಲಿಯವರೆಗೆ?



ನಮ್ಮ ಟಿ. ನಗರದ ಪಾನಗಲ್ ಪಾರ್ಕಿನಲ್ಲಿ ಕೂತು ಹರಟುವಾಗ ಹುಟ್ಟಿದ ಲೇಖನ ಇದು. ಮಂಗಳೂರು ಕಡೆಯಿಂದ ಬಂದು ಇಲ್ಲಿ ನೆಲೆಸಿರುವ ಕ್ಯಾಥೊಲಿಕ್ ಗೆಳತಿಯೊಬ್ಬಳು ಚೀಲದಿಂದ ಒಂದು ಕಾಗದ ತೆಗೆದಳು. ಅವಳ ಮದುವೆ ಮೊದಲಿನಿಂದಲೇ ಅಸಿಂಧು ಎಂದು ಚರ್ಚಿನ ನ್ಯಾಯಮಂಡಲಿ ಕೊಟ್ಟ ತೀರ್ಪು ಅದು.

"ಈಸ್ಟರ್ ಕಳೆದ ಮೇಲೆ ಮರುಮದುವೆ ಮಾರಾಯ. ಇನ್ನು ಕೋರ್ಟಿಗೆ ಯಾಕೆ? ವ್ಯಾಟಿಕನ್ನೂ ಒಂದು ದೇಶವೇ ಅಲ್ವಾ? ಇದು ಅದರ ಕಾನೂನು" ಅಂದಳು.

ನನಗೆ ಉತ್ತರ ತೋಚಲಿಲ್ಲ. ಆಮೇಲೆ ಓದಿ ತಿಳಿದದ್ದನ್ನು ಇಲ್ಲಿ ಪಾಠದ ಹಾಗೆ ಬರೆದಿದ್ದೇನೆ.

ಮೊದಲು ಆ ದೇಶವನ್ನು ನೋಡೋಣ. 1929ರ ಫೆಬ್ರವರಿ 11ರಂದು ಇಟಲಿಗೂ ಪೋಪರ ಪೀಠಕ್ಕೂ ಆದ ಲ್ಯಾಟೆರನ್ ಒಪ್ಪಂದದಿಂದ ಹುಟ್ಟಿದ್ದು. ವಿಸ್ತಾರ ಬರೀ 44 ಹೆಕ್ಟೇರು, ಸುಮಾರು 109 ಎಕರೆ. ಶಾಸನ, ಆಡಳಿತ, ನ್ಯಾಯ ಮೂರೂ ಅಧಿಕಾರ ಪೋಪರದೇ. ಆದರೆ ಮೊಕದ್ದಮೆ ಕೇಳಲು ಅವರು ಕೂರುವುದಿಲ್ಲ. ಅದಕ್ಕೆ ಟ್ರಿಬ್ಯೂನಲ್, ಅದರ ಮೇಲೆ ಅಪೀಲು ನ್ಯಾಯಾಲಯ, ಅದರ ಮೇಲೆ ಕ್ಯಾಸೇಶನ್ ನ್ಯಾಯಾಲಯ ಇವೆ. ಅಪರಾಧಗಳಿಗೆ 1889ರ ಇಟಲಿಯ ದಂಡ ಸಂಹಿತೆಯೇ ಅಲ್ಲಿ ಬುನಾದಿ. 2023ರ ಡಿಸೆಂಬರಿನಲ್ಲಿ ಹಣಕಾಸಿನ ಮೊಕದ್ದಮೆಯೊಂದರಲ್ಲಿ ಈ ಟ್ರಿಬ್ಯೂನಲ್ ಒಬ್ಬ ಕಾರ್ಡಿನಲ್‌ಗೇ ಐದೂವರೆ ವರ್ಷದ ಸೆರೆವಾಸ ವಿಧಿಸಿತು. ಅವರು ಅಪೀಲು ಹೋದರು.

ಇದು ರಾಜ್ಯದ ಕಾನೂನು. ಗೆಳತಿಯ ಕಾಗದ ಬಂದದ್ದು ಇಲ್ಲಿಂದಲ್ಲ, ನೋಡಿ. ಪೋಪರು ಈ ಪುಟ್ಟ ರಾಜ್ಯಕ್ಕೆ ಒಡೆಯರಾದ ಹಾಗೆಯೇ ಲೋಕದ ಕ್ಯಾಥೊಲಿಕರಿಗೆಲ್ಲ ಗುರುಗಳು. ಆ ಧರ್ಮಸಭೆಗೆ ಬೇರೆಯೇ ಕಟ್ಟಳೆ ಉಂಟು: ಕ್ಯಾನನ್ ಕಾನೂನು. ಲ್ಯಾಟಿನ್ ಸಂಪ್ರದಾಯದವರಿಗೆ 1983ರಲ್ಲಿ ಬಂದ ಸಂಹಿತೆಯಲ್ಲಿ 1752 ಕಲಮುಗಳಿವೆ. ಮದುವೆಯ ವ್ಯಾಜ್ಯವನ್ನು ಧರ್ಮಪ್ರಾಂತ್ಯದ ನ್ಯಾಯಮಂಡಲಿ ಕೇಳುತ್ತದೆ. ಅಪೀಲು ರೋಮಿನ ರೋಟಾದವರೆಗೂ ಹೋಗಬಹುದು. ಮೊದಲು ಅಸಿಂಧು ಅನ್ನಲು ಎರಡು ಮಂಡಲಿಗಳ ತೀರ್ಪು ಒಂದೇ ಆಗಿರಬೇಕಿತ್ತು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ತೆಗೆದರು. ಯಾರೂ ಅಪೀಲು ಹೋಗದಿದ್ದರೆ ಒಂದೇ ತೀರ್ಪು ಸಾಕು.

ಎರಡೂ ಬೇರೆ ಎಂದೆ, ಆದರೆ ಪೂರಾ ಬೇರೆಯಲ್ಲ. 2009ರ ಜನವರಿ 1ರಿಂದ ಜಾರಿಗೆ ಬಂದ ವ್ಯಾಟಿಕನ್ ಶಾಸನದ ಪ್ರಕಾರ ಆ ರಾಜ್ಯದ ಕಾನೂನಿಗೆ ಮೊದಲ ಆಕರವೇ ಕ್ಯಾನನ್. ಆದರೂ ಆ 109 ಎಕರೆಯ ಗೋಡೆ ದಾಟಿ ರೋಮಿನ ಬೀದಿಗೆ ಕಾಲಿಟ್ಟರೆ ಮಾತು ಬದಲಾಗುತ್ತದೆ. 1984ರ ಒಪ್ಪಂದದಂತೆ, ಚರ್ಚಿನ ಅಸಿಂಧು ತೀರ್ಪು ಇಟಲಿಯಲ್ಲಿ ಚಲಾವಣೆಯಾಗಲು ಅಲ್ಲಿನ ಅಪೀಲು ನ್ಯಾಯಾಲಯ ಒಪ್ಪಬೇಕು. ಪಕ್ಕದ ಮನೆಯಲ್ಲೇ ಹೀಗಾದರೆ ಮದ್ರಾಸಿನಲ್ಲಿ?

ನಮ್ಮಲ್ಲಿ ಕ್ರೈಸ್ತರ ಮದುವೆಗೆ 1872ರ ಕಾಯಿದೆ, ಬಿಡುಗಡೆಗೂ ಅಸಿಂಧು ಘೋಷಣೆಗೂ 1869ರ ವಿಚ್ಛೇದನ ಕಾಯಿದೆ. ಚರ್ಚಿನ ತೀರ್ಪು ಈ ಕಾಯಿದೆಯ ಜಾಗದಲ್ಲಿ ನಿಲ್ಲದೆಂದು ಸುಪ್ರೀಂ ಕೋರ್ಟು 1996ರಲ್ಲಿ ಮೋಲಿ ಜೋಸೆಫ್ ಪ್ರಕರಣದಲ್ಲಿ ಹೇಳಿತು. ಇದನ್ನು ಮತ್ತೆ ಎತ್ತಿದವರು ನಮ್ಮ ದಕ್ಷಿಣ ಕನ್ನಡದವರೇ ಆದ ಕ್ಲಾರೆನ್ಸ್ ಪೈಸ್. ಕ್ಯಾನನ್ ಕಾನೂನು ಕ್ಯಾಥೊಲಿಕರ ವೈಯಕ್ತಿಕ ಕಾನೂನು, ಅದರ ತೀರ್ಪಿಗೆ ಮಾನ್ಯತೆ ಕೊಡಿ ಎಂದು ಅವರು ಕೇಳಿದರು. ಚರ್ಚಿನ ತೀರ್ಪು ನಂಬಿ ಮರುಮದುವೆಯಾದವರು ದ್ವಿಪತ್ನಿತ್ವ, ದ್ವಿಪತಿತ್ವದ ಅಪರಾಧಕ್ಕೆ ಸಿಲುಕುತ್ತಾರಲ್ಲ ಎಂಬುದು ಅವರ ಕಳಕಳಿ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ಅರ್ಜಿಯನ್ನು ವಜಾ ಮಾಡಿತು.

ಅಂದರೆ, ಕೋರ್ಟಿನ ಡಿಕ್ರಿ ಇಲ್ಲದೆ ಗೆಳತಿ ಹಸೆಮಣೆ ಏರಿದರೆ ಚರ್ಚಿನ ಕಣ್ಣಿಗೆ ಮದುಮಗಳು, ಸರಕಾರದ ಕಣ್ಣಿಗೆ ಅಪರಾಧಿ. ಹುಟ್ಟುವ ಮಗುವಿನ ಹಕ್ಕು, ಆಸ್ತಿ ಎಲ್ಲಕ್ಕೂ ತೊಡಕು. ಬರೀ ಡಿಕ್ರಿ ತಂದು ಚರ್ಚಿನ ತೀರ್ಪಿಲ್ಲದಿದ್ದರೆ ಪಾದ್ರಿಗಳು ಮದುವೆ ಮಾಡಿಸುವುದಿಲ್ಲ. ಅವಳಿಗೆ ಎರಡೂ ಬೇಕು.

ಮುಂದಿನ ವಾರ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅದೇ ಸಂಕಟ ಇನ್ನೊಂದು ಸಲ ಹೇಳ್ಬೇಕು, ಬೇರೆ ಜಡ್ಜಿಗೆ" ಅಂದಳು. ಮದುವೆಯ ಕಾಗದ ಅಚ್ಚಿಗೆ ಹೋಗಲಿಲ್ಲ. ಈಗ ಕುಟುಂಬ ನ್ಯಾಯಾಲಯಕ್ಕೆ ಅಲೆಯುತ್ತಿದ್ದಾಳೆ.

ಕಾನೂನು ಒಂದೇ ಆಗಿರಬೇಕೆಂದು ವಾದಿಸುವವರೂ, ಧರ್ಮದ ತೀರ್ಪನ್ನೇ ಮನ್ನಿಸಬೇಕೆನ್ನುವವರೂ ನಮ್ಮ ಕೂಟದಲ್ಲಿದ್ದೀರಿ. ಮುಂದಿನ ಸಭೆಯಲ್ಲಿ ವಾದಿಸುವಾಗ, ಆ ಎರಡನೇ ಜಡ್ಜಿನ ಮುಂದೆ ನಿಂತವಳನ್ನೂ ಸ್ವಲ್ಪ ನೆನೆಯಿರಿ.