ಗ್ಯಾರೇಜಿನಲ್ಲಿ ಪ್ಲಗ್ ಇದ್ದವರ ಮಿನಿವ್ಯಾನ್

1. ಗಾಡಿ ನೋಡುವ ಮೊದಲು ಮನೆಯ ಓಡಾಟ ನೋಡಿ. ಡೆಟ್ರಾಯ್ಟ್ ಸುತ್ತಮುತ್ತ ಮಕ್ಕಳಿರುವ ಮನೆಯ ದಿನ ಶಾಲೆ, ಈಜು, ಭರತನಾಟ್ಯ, ದಿನಸಿ ಅಂಗಡಿ ಎಂದು ಊರೊಳಗೇ ಕಳೆಯುತ್ತದೆ. 2017ರ ಮಾದರಿಯಾಗಿ ಬಂದ ಕ್ರೈಸ್ಲರ್ ಪೆಸಿಫಿಕಾ ಹೈಬ್ರಿಡ್ ಒಮ್ಮೆ ಚಾರ್ಜ್ ಆದರೆ ಸುಮಾರು 32 ಮೈಲಿ ಬರೀ ವಿದ್ಯುತ್ತಿನಲ್ಲೇ ಓಡುತ್ತದೆ. ನಮ್ಮಂಥವರ ವಾರದ ದಿನಗಳಿಗೆ ಅಷ್ಟು ಸಾಕು. ಪೆಟ್ರೋಲ್ ಬಂಕ್ ಕಡೆ ತಲೆ ಹಾಕದೆ ವಾರಗಳೇ ಉರುಳುತ್ತವೆ.

2. ರಾತ್ರಿ ಪ್ಲಗ್ ಹಾಕಲು ಸ್ವಂತ ಜಾಗವಿಲ್ಲವೆಂದರೆ ಇದನ್ನು ಕೊಳ್ಳಬೇಡಿ. ಈ ಮಾತನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಚಾರ್ಜ್ ಇಲ್ಲದೆ ಪೆಟ್ರೋಲಿನಲ್ಲೇ ಓಡಿಸಿದರೆ ಇದು ಕೊಡುವುದು ಗ್ಯಾಲನ್‌ಗೆ 30 ಮೈಲಿಯ ಆಸುಪಾಸು. ಪ್ಲಗ್ಗೇ ಬೇಡದ ಟೊಯೊಟಾ ಸಿಯೆನ್ನಾ ಹೈಬ್ರಿಡ್ 36 ಕೊಡುತ್ತದೆ. ಅಪಾರ್ಟ್‌ಮೆಂಟಿನಲ್ಲಿರುವವರಿಗೆ ಸಿಯೆನ್ನಾವೇ ಸರಿ. ಸ್ವಂತ ಗ್ಯಾರೇಜ್ ಇದ್ದರೆ 240 ವೋಲ್ಟ್ ಲೈನ್ ಎಳೆಸಿಕೊಳ್ಳಿ, ಎರಡು ಗಂಟೆ ಚಿಲ್ಲರೆಯಲ್ಲಿ ಬ್ಯಾಟರಿ ತುಂಬುತ್ತದೆ. ಮಾಮೂಲಿ 120 ವೋಲ್ಟ್ ಆದರೆ ಇಡೀ ರಾತ್ರಿ ಹಿಡಿದು ಬೆಳಗಿನವರೆಗೂ ಎಳೆಯುತ್ತದೆ.

3. ಲೆಕ್ಕವನ್ನು ನೀವೇ ಹಾಕಿ. 32 ಮೈಲಿಗೆ ಬೇಕಾಗುವುದು ಸುಮಾರು 13 ಯೂನಿಟ್. ನಿಮ್ಮ ಕರೆಂಟ್ ಬಿಲ್ಲಿನ ರಾತ್ರಿ ದರವನ್ನು 13ರಿಂದ ಗುಣಿಸಿ, ಅದನ್ನು ಒಂದು ಗ್ಯಾಲನ್ ಪೆಟ್ರೋಲಿನ ಬೆಲೆಯ ಪಕ್ಕದಲ್ಲಿಟ್ಟು ನೋಡಿ. ಕರೆಂಟ್ ದುಬಾರಿಯಾದ ರಾಜ್ಯಗಳಲ್ಲಿ ಉಳಿತಾಯ ಅಷ್ಟೇನೂ ಇರುವುದಿಲ್ಲ. 7,500 ಡಾಲರ್‌ವರೆಗಿನ ಫೆಡರಲ್ ತೆರಿಗೆ ರಿಯಾಯಿತಿಯೂ 2025ರ ಸೆಪ್ಟೆಂಬರ್ 30ಕ್ಕೆ ಮುಗಿದಿದೆ, ಅದನ್ನು ಲೆಕ್ಕದಿಂದ ಬಿಡಿ.

4. ಊರಿಂದ ಅಪ್ಪ ಅಮ್ಮ ಬಂದಾಗ ಮಿನಿವ್ಯಾನಿನ ಬೆಲೆ ತಿಳಿಯುತ್ತದೆ. ಮಂಡಿನೋವಿನ ಅಮ್ಮನಿಗೆ ಎಸ್‌ಯುವಿ ಹತ್ತುವುದೇ ಒಂದು ಕಷ್ಟ. ಇಲ್ಲಿ ಬಾಗಿಲು ಪಕ್ಕಕ್ಕೆ ಸರಿಯುತ್ತದೆ, ನೆಲ ತಗ್ಗಿನಲ್ಲಿದೆ, ತಿರುಗಿ ಕೂತರೆ ಆಯಿತು. ಏಳು ಜನ ಒಂದೇ ಗಾಡಿಯಲ್ಲಿ ಪಿಟ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೊರಡಬಹುದು. ಅಷ್ಟು ದೂರ ಎಲೆಕ್ಟ್ರಿಕ್ ಗಾಡಿಯಲ್ಲಾದರೆ ಚಾರ್ಜರ್ ಎಲ್ಲಿದೆ ಎಂದು ಹುಡುಕಿಕೊಂಡೇ ಹೋಗಬೇಕು. ಇದರಲ್ಲಿ ಆ ಚಿಂತೆಯಿಲ್ಲ, ಟ್ಯಾಂಕೂ ಬ್ಯಾಟರಿಯೂ ಸೇರಿ 500 ಮೈಲಿ ದಾಟುತ್ತದೆ. ಅಜ್ಜ ಅಜ್ಜಿ, ಮೊಮ್ಮಕ್ಕಳು ಅಷ್ಟು ಹೊತ್ತು ಒಟ್ಟಿಗೆ ಕೂತು ಮಾತಾಡುವುದು ವರ್ಷದಲ್ಲಿ ಎಷ್ಟು ಸಲ ಸಿಕ್ಕೀತು? ನನಗಂತೂ ಇಂಧನದ ಉಳಿತಾಯಕ್ಕಿಂತ ಇದು ದೊಡ್ಡದು.

5. ಬ್ಯಾಟರಿ ಕೂತಿರುವುದು ನಡುವಿನ ಸಾಲಿನ ಕೆಳಗೆ. ಹಾಗಾಗಿ ಪೆಟ್ರೋಲ್ ಪೆಸಿಫಿಕಾದಂತೆ ಆ ಸೀಟುಗಳು ಮಡಚಿ ನೆಲದೊಳಗೆ ಹೋಗುವುದಿಲ್ಲ, ಎತ್ತಿ ಹೊರಗಿಡಬೇಕು. ಹಿಂದಿನ ಸಾಲು ಮಾತ್ರ ಮಡಚುತ್ತದೆ. ಆಲ್-ವೀಲ್ ಡ್ರೈವ್ ಕೂಡ ಇಲ್ಲ; ಹಿಮದ ಊರಿನಲ್ಲಿರುವವರು ಒಳ್ಳೆಯ ವಿಂಟರ್ ಟೈರಿಗೆ ಹಣ ತೆಗೆದಿಡಿ.

6. ಚಳಿಗಾಲದಲ್ಲಿ 32 ಮೈಲಿ ಸಿಗುವುದಿಲ್ಲ. ತೀರಾ ಕೊರೆಯುವ ಬೆಳಗುಗಳಲ್ಲಿ ಬ್ಯಾಟರಿ ತುಂಬಿದ್ದರೂ ಎಂಜಿನ್ ತಾನಾಗಿ ಶುರುವಾಗುತ್ತದೆ. ಅದು ಗಾಡಿಯ ಸ್ವಭಾವ, ಕೆಟ್ಟಿದೆಯೆಂದು ಗಾಬರಿಯಾಗಬೇಡಿ.

7. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಗಾಡಿಯ ವಿಐಎನ್ ಸಂಖ್ಯೆಯನ್ನು ಸರ್ಕಾರಿ ರಸ್ತೆ ಸುರಕ್ಷತಾ ಸಂಸ್ಥೆಯ ತಾಣದಲ್ಲಿ ಹಾಕಿ ನೋಡದೆ ಮುಂಗಡ ಕೊಡಬೇಡಿ. ಬ್ಯಾಟರಿಗೆ ಬೆಂಕಿ ತಗುಲುವ ಅಪಾಯದಿಂದ 2024ರಲ್ಲಿ 2017ರಿಂದ 2021ರವರೆಗಿನ ಕೆಲವು ಪೆಸಿಫಿಕಾ ಹೈಬ್ರಿಡ್‌ಗಳನ್ನು ರಿಕಾಲ್ ಮಾಡಲಾಯಿತು. ರಿಪೇರಿ ಆಗುವವರೆಗೆ ಮನೆಯಿಂದ, ಬೇರೆ ಗಾಡಿಗಳಿಂದ ದೂರ ನಿಲ್ಲಿಸಿ ಎಂದೂ ಹೇಳಲಾಗಿತ್ತು. ರಿಪೇರಿ ಆದ ಕಾಗದವನ್ನು ಮಾರುವವರಿಂದ ಕೇಳಿ ಪಡೆಯಿರಿ. ಕಾಗದ ತೋರಿಸಲಾಗದ ಗಾಡಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬಿಟ್ಟು ಬನ್ನಿ.