ಐ++ ಕಂಡಾಗ ಕೂಡಿಸುವ ಮೊದಲು ಇಷ್ಟು ನೋಡಿ

ಕ್ಯಾಂಪಸ್ ಸಂದರ್ಶನಕ್ಕೆ ಓದುವವರ ಕೈಯಲ್ಲಿ ಓಡಾಡುವ ಸಿ ಭಾಷೆಯ ಪ್ರಶ್ನಾವಳಿಗಳಲ್ಲಿ ಈ ಪ್ರಶ್ನೆ ಹಳೆಯ ಗಿರಾಕಿ: ಐ = 5 ಇದ್ದಾಗ ಪ್ರಿಂಟ್‌ಎಫ್("%ಡಿ %ಡಿ", ಐ, ಐ++) ಏನು ಮುದ್ರಿಸುತ್ತದೆ? ಜಿಸಿಸಿಯಲ್ಲಿ ಸಾಮಾನ್ಯವಾಗಿ 6 5 ಬರುತ್ತದೆ, ಕ್ಲ್ಯಾಂಗ್‌ನಲ್ಲಿ 5 5. ಎರಡೂ ಕಂಪೈಲರ್‌ಗಳದ್ದೂ ತಪ್ಪಿಲ್ಲ. ತಪ್ಪು ಪ್ರಶ್ನೆಯಲ್ಲೇ ಇದೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ಎಫ್() + ಜಿ() * ಎಚ್() ಎಂದು ಬರೆದರೆ ಗುಣಾಕಾರಕ್ಕೆ ಆದ್ಯತೆ ನಿಜ. ಆದರೆ ಜಿ ಮತ್ತು ಎಚ್ ಮೊದಲು ಓಡುತ್ತವೆ ಎಂದು ಅದರರ್ಥವಲ್ಲ. ಎಫ್ ಮೊದಲೂ ಓಡಬಹುದು, ಕೊನೆಗೂ ಓಡಬಹುದು. ಬ್ರ್ಯಾಕೆಟ್ ಹಾಕಿದರೂ ಅಷ್ಟೇ. ಊಟದ ಪಂಕ್ತಿಯಲ್ಲಿ ಯಾರ ಪಕ್ಕ ಯಾರು ಕೂರಬೇಕು ಎಂಬುದು ಒಂದು ಮಾತು, ಯಾವ ತುದಿಯಿಂದ ಬಡಿಸಬೇಕು ಎಂಬುದು ಬೇರೆಯೇ ಮಾತು. ಇಲ್ಲಿ ಅನಿಶ್ಚಿತವಾಗಿರುವುದು ಸರದಿ ಮಾತ್ರ, ಪ್ರೋಗ್ರಾಂ ಕೆಡುವುದಿಲ್ಲ. ಐ++ ಪ್ರಕರಣ ಹಾಗಲ್ಲ. ಅಲ್ಲಿ ಏನಾಗಬೇಕು ಎಂಬುದನ್ನು ಸಿ ಮಾನಕ ಹೇಳುವುದೇ ಇಲ್ಲ. ಇವತ್ತು ಸರಿ ಬಂದ ಉತ್ತರ ನಾಳೆ ಆಪ್ಟಿಮೈಸೇಶನ್ ಹಾಕಿದೊಡನೆ ಬದಲಾದರೆ ದೂರುವಂತಿಲ್ಲ.

ಹಾಗಾದರೆ ಪರೀಕ್ಷಿಸುವುದು ಹೇಗೆ? ಎಕ್ಸ್‌ಪ್ರೆಶನ್‌ನಲ್ಲಿ =, +=, ++, -- ಇವು ಬದಲಿಸುವ ವೇರಿಯಬಲ್‌ಗಳನ್ನು ಗುರುತು ಹಾಕಿ. ಒಂದೇ ವೇರಿಯಬಲ್ ಎರಡು ಸಲ ಬದಲಾಗುತ್ತಿದೆಯೇ? ಒಂದು ಕಡೆ ಬದಲಾಗುತ್ತ, ಇನ್ನೊಂದು ಕಡೆ ಬೇರೆ ಕೆಲಸಕ್ಕೆ ಬಳಕೆಯಾಗುತ್ತಿದೆಯೇ? ಹೌದಾದರೆ ಅಪಾಯ. ಐ = ಐ + 1 ಸರಿ, ಏಕೆಂದರೆ ಹೊಸ ಬೆಲೆ ಲೆಕ್ಕ ಹಾಕಲೆಂದೇ ಹಳೆಯದನ್ನು ಓದುತ್ತಿದ್ದೇವೆ. ಎ[ಐ] = ಐ++ ಸರಿಯಲ್ಲ.

ಇನ್ನು ನಡುವೆ ತಡೆಗಟ್ಟೆ ಇದೆಯೇ ನೋಡಿ. &&, ||, ?: ಮತ್ತು ಕಾಮಾ ಆಪರೇಟರ್ ಎಡಭಾಗವನ್ನು ಪೂರ್ತಿ ಮುಗಿಸಿಯೇ ಮುಂದೆ ಹೋಗುತ್ತವೆ. ಪೂರ್ಣ ಎಕ್ಸ್‌ಪ್ರೆಶನ್ ಮುಗಿಯುವ ಸೆಮಿಕೋಲನ್ ಕೂಡ ಹಾಗೆಯೇ. ಬಹಳ ಮಂದಿ ಎಡವುವುದು ಇಲ್ಲಿ: ಪ್ರಿಂಟ್‌ಎಫ್ ಒಳಗಿನ ಕಾಮಾ ಆ ಆಪರೇಟರ್ ಅಲ್ಲ, ಅದು ಆರ್ಗ್ಯುಮೆಂಟ್‌ಗಳನ್ನು ಬೇರ್ಪಡಿಸುವ ಚಿಹ್ನೆ ಅಷ್ಟೆ.

ಪರಿಹಾರ ಸುಲಭ. ಸಾಲನ್ನು ಒಡೆಯಿರಿ. ಮೊದಲ ಸಾಲಿನಲ್ಲಿ ಎ[ಐ] = ಐ; ಎಂದು, ಮುಂದಿನದರಲ್ಲಿ ಐ++; ಎಂದು ಬರೆದರೆ ಕಂಪೈಲರ್‌ಗೂ ಓದುವವರಿಗೂ ಅನುಮಾನ ಉಳಿಯದು. ಜಿಸಿಸಿ, ಕ್ಲ್ಯಾಂಗ್ ಎರಡರಲ್ಲೂ ‘-ಡಬ್ಲ್ಯೂಆಲ್’ ಆಯ್ಕೆ ಹಾಕಿ ಕಂಪೈಲ್ ಮಾಡಿ. ಇಂಥ ಅನೇಕ ಸಾಲುಗಳಿಗೆ ಎಚ್ಚರಿಕೆ ಬರುತ್ತದೆ. ಎಲ್ಲಕ್ಕೂ ಬರುವುದಿಲ್ಲ. *ಪಿ = (*ಕ್ಯೂ)++ ಎಂಬಲ್ಲಿ ಎರಡು ಪಾಯಿಂಟರ್‌ಗಳೂ ಒಂದೇ ಜಾಗ ತೋರಿಸುತ್ತಿದ್ದರೆ ಅದು ಕಂಪೈಲರ್ ಕಣ್ಣಿಗೂ ಬೀಳದೆ ಹೋಗಬಹುದು. 2017ರ ಸಿ++ ಮಾನಕ ಐ = ಐ++ ಎಂಬುದಕ್ಕೆ ಅರ್ಥ ಕೊಟ್ಟಿದೆ; ಆ ಧೈರ್ಯದಲ್ಲಿ ಅದನ್ನು ಸಿಯಲ್ಲಿ ಬರೆಯಬೇಡಿ.

ಪ್ರಶ್ನೆಪತ್ರಿಕೆ ತಯಾರಿಸುವ ಮೇಷ್ಟ್ರುಗಳು ದಯವಿಟ್ಟು ಈ ಪ್ರಶ್ನೆಯನ್ನು ಕೈಬಿಡಲಿ. ಸಂದರ್ಶನದಲ್ಲಿ ಯಾರಾದರೂ ಕೇಳಿದರೆ ಅಂಕಿ ಹೇಳಲು ಹೋಗಬೇಡಿ. ‘ಇದಕ್ಕೆ ಸಿ ಭಾಷೆ ಉತ್ತರ ನಿಗದಿ ಮಾಡಿಲ್ಲ’ ಎಂದು ಹೇಳಿ, ಕಾರಣ ವಿವರಿಸಿ.