ಎಣ್ಣಿ ಹೊಡೆಯುವ ಮುನ್ನ: ಪಾರಿಶ್ವಾಡದ ಹೊಲ, ಹಳ್ಳ, ಮನೆಗಳಿಗೆ ಕಟ್ಟುನಿಟ್ಟಿನ ಸೂಚನೆ

ಖಾನಾಪುರ ತಾಲ್ಲೂಕಿನ ಪಾರಿಶ್ವಾಡ ಮತ್ತು ಸುತ್ತಲಿನ ಊರುಗಳ ರೈತರು, ಕೂಲಿಗೆ ಎಣ್ಣಿ (ಕೀಟನಾಶಕ) ಹೊಡೆಯುವವರು, ಕಳೆ ತೆಗೆಯುವ ಹೆಣ್ಣುಮಕ್ಕಳು, ದನ ಕಾಯುವವರು, ಔಷಧ ಮಾರುವ ಅಂಗಡಿಯವರು ಇದನ್ನು ಓದಬೇಕು. ಓದಲು ಬಾರದ ಹಿರಿಯರಿಗೆ ಮನೆಯ ಮಕ್ಕಳು ಓದಿ ಹೇಳಬೇಕು.

ಈ ಸೂಚನೆ ಯಾಕೆ

ಕಾಸರಗೋಡು ಜಿಲ್ಲೆಯ ಪಡ್ರೆ ಕನ್ನಡ ಮಾತನಾಡುವ ಊರು. ಅದರ ಸುತ್ತಲಿನ ಗುಡ್ಡಗಳ ಗೇರು ತೋಟಗಳಿಗೆ ಕೇರಳದ ಪ್ಲಾಂಟೇಶನ್ ಕಾರ್ಪೊರೇಷನ್ 70ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಸಿತು. ಮೊದಲು ಸುಳಿವು ಕೊಟ್ಟವು ಮೂಕಪ್ರಾಣಿಗಳು. ಕರುಗಳು ಕಾಲು ಸೊಟ್ಟಗಾಗಿ ಹುಟ್ಟಿದವು, ಜೇನು ಕಡಿಮೆಯಾಯಿತು, ತೋಡಿನ ಮೀನು, ಕಪ್ಪೆ ಸತ್ತವು. ಅದೇ ಊರಿನ ಪತ್ರಕರ್ತ ಶ್ರೀಪಡ್ರೆ ಅದನ್ನು ಬರೆದರು. ಯಾರೂ ಕಿವಿಗೊಡಲಿಲ್ಲ. ಆಮೇಲೆ ಮನುಷ್ಯರ ಸರದಿ ಬಂತು. ಅಲ್ಲಿನ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮ ರೋಗಿಗಳಲ್ಲಿ ಬುದ್ಧಿಮಾಂದ್ಯತೆ, ಅಪಸ್ಮಾರ, ಕ್ಯಾನ್ಸರ್, ಹುಟ್ಟಿನಿಂದಲೇ ಬಂದ ಅಂಗವೈಕಲ್ಯ ಇವೆಲ್ಲ ಅಷ್ಟು ಸಣ್ಣ ಪ್ರದೇಶದಲ್ಲಿ ಇಷ್ಟೊಂದು ಯಾಕೆ ಎಂದು ಕೇಳತೊಡಗಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಜ್ಞರು ಅಲ್ಲಿನ ಗಂಡುಮಕ್ಕಳು ಪ್ರಾಯಕ್ಕೆ ಬರುವುದು ತಡವಾಗುತ್ತಿದೆ ಎಂದು ಪರೀಕ್ಷಿಸಿ ಹೇಳಿದರು. ನಮ್ಮ ರಾಜ್ಯದ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲೂ ಇದೇ ಗತಿಯಾಯಿತು. ಸುಪ್ರೀಂ ಕೋರ್ಟ್ 2011ರ ಮೇ 13ರಂದು ದೇಶದಾದ್ಯಂತ ಎಂಡೋಸಲ್ಫಾನ್ ನಿಲ್ಲಿಸಿತು. 2017ರ ಜನವರಿಯಲ್ಲಿ ಕೇರಳದ ಪ್ರತಿ ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಪರಿಹಾರ ಕೊಡಲು ಆದೇಶಿಸಿತು. ಹಾಸಿಗೆ ಹಿಡಿದ ಮಕ್ಕಳನ್ನು ಎತ್ತಿ ಉಣಿಸುತ್ತ ಮುಪ್ಪಾದ ತಾಯಂದಿರಿಗೆ ಆ ಹಣ ಏನನ್ನೂ ಮರಳಿ ತಂದುಕೊಡಲಿಲ್ಲ.

ನಮ್ಮಲ್ಲಿ ಹೆಲಿಕಾಪ್ಟರ್ ಇಲ್ಲ, ಬೆನ್ನಿಗೆ ಕಟ್ಟುವ ಪಂಪಿದೆ. ಕಬ್ಬು, ಭತ್ತ, ಕಾಯಿಪಲ್ಯೆಗೆ ನಾವು ಹೊಡೆಯುವ ವಿಷ ನಮ್ಮ ಬದುವಿನಲ್ಲಿ ನಿಲ್ಲುವುದಿಲ್ಲ. ಹುಳದಿಂದ ಹಕ್ಕಿಗೆ, ಹುಲ್ಲಿನಿಂದ ಆಕಳಿಗೆ, ಹಾಲಿನಿಂದ ಮಗುವಿಗೆ ಅದು ದಾಟುತ್ತದೆ. ಪ್ರಾಣಿಗಳನ್ನು ಕಾಯುವ ನಿಯಮವೇ ನಮ್ಮನ್ನೂ ಕಾಯುತ್ತದೆ. ಆದ್ದರಿಂದ ಕೆಳಗಿನ ಒಂದೊಂದನ್ನೂ ತಪ್ಪದೆ ಪಾಲಿಸಿ.

1. ಅಂಗಡಿಯಲ್ಲಿ

ಮಾಡಬೇಕಾದ್ದು

• ಬೆಳೆಯ ರೋಗ ಹಿಡಿದ ಎಲೆ, ಹುಳ ತೆಗೆದುಕೊಂಡು ಮೊದಲು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಯಾವ ಹುಳಕ್ಕೆ ಏನು ಬೇಕು, ಔಷಧ ಬೇಕೇ ಬೇಡವೇ ಎಂದು ಕೇಳಿ, ಆಮೇಲೆ ಕೊಳ್ಳಿ.

• ಡಬ್ಬಿಯ ಮೇಲಿನ ಬಣ್ಣದ ತ್ರಿಕೋನ ನೋಡಿ. ಕೆಂಪು ಎಂದರೆ ಅತಿ ಘೋರ ವಿಷ, ಹಳದಿ ಘೋರ ವಿಷ, ನೀಲಿ ಅದಕ್ಕಿಂತ ಕಡಿಮೆ, ಹಸಿರು ಇನ್ನೂ ಕಡಿಮೆ. ಹಸಿರಿದ್ದರೂ ವಿಷವೇ, ಎಚ್ಚರ ಒಂದೇ.

• ಬಿಲ್ ಕೇಳಿ ಪಡೆಯಿರಿ. ಬಿಲ್ಲಿನಲ್ಲಿ ಔಷಧದ ಹೆಸರು, ಬ್ಯಾಚ್ ನಂಬರ್ ಇರಬೇಕು. ಒಳಗಿನ ಚೀಟಿಯನ್ನು ಎಸೆಯದೆ ಜೋಪಾನವಾಗಿಡಿ. ಆಸ್ಪತ್ರೆಗೆ ಓಡುವ ಹೊತ್ತಿನಲ್ಲಿ ಜೀವ ಉಳಿಸುವುದು ಅದೇ ಚೀಟಿ.

ಮಾಡಬಾರದ್ದು

• ನಿಷೇಧವಾದ ಔಷಧವನ್ನು ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಥಿಮೆಟ್ ಎಂದು ನಾವು ಕರೆಯುವ ಫೋರೇಟ್ ಗುಳಿಗೆ, ಟ್ರೈಜೋಫಾಸ್, ಡೈಕ್ಲೋರ್‌ವಾಸ್ ಇವು 2020ರ ಡಿಸೆಂಬರ್ 31ರಿಂದ ನಿಷಿದ್ಧ. ಎಂಡೋಸಲ್ಫಾನ್ ಹಳೆಯ ಡಬ್ಬಿ ಮಾಳಿಗೆಯ ಮೂಲೆಯಲ್ಲಿದ್ದರೆ ಅದನ್ನೂ ಬಳಸಬೇಡಿ, ಕೃಷಿ ಇಲಾಖೆಗೆ ತಿಳಿಸಿ.

• ಬಿಡಿಯಾಗಿ ಬಾಟಲಿಗೆ ಸುರಿಸಿಕೊಂಡು ತರಬೇಡಿ. ಅಂಗಡಿಯವರು ಹಾಗೆ ಕೊಡಲೂಬಾರದು. ಲೇಬಲ್ ಇಲ್ಲದ ವಿಷಕ್ಕೆ ವೈದ್ಯರು ಏನೆಂದು ಔಷಧ ಕೊಡಬೇಕು?

2. ಎಣ್ಣಿ ಹೊಡೆಯುವ ದಿನ

ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ 2017ರಲ್ಲಿ ಹತ್ತಿಗೆ ಔಷಧ ಹೊಡೆಯುತ್ತಿದ್ದ 20ಕ್ಕೂ ಹೆಚ್ಚು ರೈತರು, ಕೂಲಿಯವರು ಸತ್ತರು, ನೂರಾರು ಮಂದಿ ಆಸ್ಪತ್ರೆ ಸೇರಿದರು. ಬೆಳೆ ತಲೆಮಟ್ಟಕ್ಕೆ ಬೆಳೆದಿತ್ತು, ಎರಡು ಮೂರು ಔಷಧ ಒಟ್ಟಿಗೆ ಬೆರೆಸಿದ್ದರು, ಮೈಮೇಲೆ ರಕ್ಷಣೆ ಇರಲಿಲ್ಲ. ಎದ್ದುನಿಂತ ಕಬ್ಬಿನೊಳಗೆ ಹೊಕ್ಕು ಹೊಡೆಯುವ ನಮ್ಮವರಿಗೂ ಇದೇ ಅಪಾಯವಿದೆ.

ಮಾಡಬೇಕಾದ್ದು

• ಪೂರ್ತಿ ತೋಳಿನ ಅಂಗಿ, ಪ್ಯಾಂಟು, ರಬ್ಬರ್ ಕೈಗವಸು, ಬೂಟು, ಮಾಸ್ಕು, ಕನ್ನಡಕ ಹಾಕಿ. ವಿಷ ಹೆಚ್ಚಾಗಿ ದೇಹಕ್ಕೆ ಇಳಿಯುವುದು ಚರ್ಮದ ಮೂಲಕ. ಮುಖಕ್ಕೆ ಟವೆಲ್ ಸುತ್ತಿದರೆ ಅದು ಒದ್ದೆಯಾಗಿ ವಿಷವನ್ನು ಮೂಗಿಗೇ ಹಿಡಿದುಕೊಂಡಿರುತ್ತದೆ.

• ಪಂಪು ಸೋರುತ್ತಿದೆಯೇ ಎಂದು ಬರೀ ನೀರು ತುಂಬಿ ಮೊದಲೇ ನೋಡಿ. ಬೆನ್ನಿಗೆ ಇಳಿದ ವಿಷ ಸಂಜೆಯವರೆಗೂ ಮೈಗೆ ಇಂಗುತ್ತಲೇ ಇರುತ್ತದೆ.

• ಬೆಳಿಗ್ಗೆ ತಂಪಿಗೆ ಅಥವಾ ಸಂಜೆ ಹೊಡೆಯಿರಿ. ಗಾಳಿ ಬೆನ್ನಿಗಿರಲಿ. ಮುಗಿದ ಕೂಡಲೇ ಸಾಬೂನು ಹಚ್ಚಿ ಸ್ನಾನ ಮಾಡಿ. ಆ ಬಟ್ಟೆಯನ್ನು ಮನೆಯವರ ಬಟ್ಟೆಯೊಂದಿಗೆ ಸೇರಿಸದೆ ಬೇರೆಯಾಗಿ ಒಗೆಯಬೇಕು. ಒಗೆಯುವವರೂ ಕೈಗವಸು ಹಾಕಬೇಕು.

• ಹೊಲದ ಬದುವಿಗೆ ಕೆಂಪು ಬಟ್ಟೆ ಕಟ್ಟಿ, ಪಕ್ಕದ ಹೊಲದವರಿಗೆ ಬಾಯಿಮಾತಿನಲ್ಲಿ ಹೇಳಿ. ಲೇಬಲ್ಲಿನಲ್ಲಿ ಬರೆದಷ್ಟು ದಿನ ಕಳೆಯದೆ ಕಾಯಿಪಲ್ಯೆ ಕೊಯ್ದು ಸಂತೆಗೆ ಕಳಿಸಬೇಡಿ.

ಮಾಡಬಾರದ್ದು

• ಬರಿಗೈಯಿಂದ ಕದಡಬೇಡಿ. ನಾಜಲ್ ಕಟ್ಟಿದರೆ ಬಾಯಿಂದ ಊದಬೇಡಿ.

• ಹೊಡೆಯುವಾಗ ಎಲೆ-ಅಡಿಕೆ, ತಂಬಾಕು, ಬೀಡಿ, ರೊಟ್ಟಿ ಯಾವುದೂ ಬಾಯಿಗೆ ಹೋಗಕೂಡದು.

• ಮನಸ್ಸಿಗೆ ಬಂದಂತೆ ಎರಡು ಮೂರು ಔಷಧ ಬೆರೆಸಬೇಡಿ. ಹುಳ ಸಾಯಲಿಲ್ಲವೆಂದು ಪ್ರಮಾಣ ಏರಿಸಬೇಡಿ.

• ಮಕ್ಕಳು, ಬಸುರಿಯರು, ಹಾಲುಣಿಸುವ ತಾಯಂದಿರು ಪಂಪನ್ನು ಮುಟ್ಟಬಾರದು, ನೀರು ಹೊತ್ತುಕೊಡುವ ಕೆಲಸಕ್ಕೂ ಬರಬಾರದು. ಹೊಟ್ಟೆಯಲ್ಲಿರುವ ಕೂಸಿಗೆ ಅತಿ ಸಣ್ಣ ಪ್ರಮಾಣವೂ ಕೇಡು.

3. ಹಳ್ಳ, ಬಾವಿ, ಬೋರು

ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಖಾನಾಪುರ ದಾಟಿ ನಮ್ಮ ಸೀಮೆಯ ಹಳ್ಳಗಳನ್ನು ಕೂಡಿಸಿಕೊಂಡು ಹೋಗುತ್ತಾಳೆ. ಮುಂದೆ ನವಿಲುತೀರ್ಥದ ರೇಣುಕಾಸಾಗರ ತುಂಬುತ್ತಾಳೆ. ಹುಬ್ಬಳ್ಳಿ-ಧಾರವಾಡದ ಮನೆಗಳಿಗೆ ಕುಡಿಯುವ ನೀರಾಗುತ್ತಾಳೆ. ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತಾಳೆ. ಮೇಲಿರುವ ನಾವು ಮಾಡಿದ ತಪ್ಪನ್ನು ಕೆಳಗಿರುವ ಲಕ್ಷಾಂತರ ಜನ ಕುಡಿಯಬೇಕಾಗುತ್ತದೆ.

ಮಾಡಬೇಕಾದ್ದು

• ಪಂಪು ತೊಳೆದ ನೀರನ್ನು ಅದೇ ಬೆಳೆಗೆ ಹೊಡೆದು ಮುಗಿಸಿ.

• ಹಳ್ಳದ ದಂಡೆಗೆ, ಬಾವಿಯ ಸುತ್ತ ಎಣ್ಣಿ ಮುಟ್ಟದ ಪಟ್ಟಿಯೊಂದನ್ನು ಬಿಡಿ. ಅಲ್ಲಿ ಹುಲ್ಲು, ಗಿಡ ಬೆಳೆಯಲಿ.

ಮಾಡಬಾರದ್ದು

• ಹಳ್ಳದಲ್ಲಿ, ಕಾಲುವೆಯಲ್ಲಿ, ಬೋರಿನ ಕಟ್ಟೆಯ ಮೇಲೆ ಪಂಪು, ಡಬ್ಬಿ, ಬಟ್ಟೆ ತೊಳೆಯಬೇಡಿ.

• ಮುಂಗಾರಿನ ಮಳೆ ಮೋಡ ಕಟ್ಟಿರುವಾಗ ಹೊಡೆಯಬೇಡಿ. ಹೊಡೆದದ್ದು ಕೊಚ್ಚಿ ಹಳ್ಳ ಸೇರುತ್ತದೆ, ಹಣವೂ ಹೋಗುತ್ತದೆ.

• ಮೀನು ಹಿಡಿಯಲು ನೀರಿಗೆ ಔಷಧ ಹಾಕುವುದು ಅಪರಾಧ. ಆ ಮೀನು ತಿಂದವರಿಗೂ ವಿಷ, ಆ ನೀರು ಕುಡಿದ ದನಕ್ಕೂ ವಿಷ.

4. ಖಾಲಿ ಡಬ್ಬಿ, ಮನೆಯೊಳಗಿನ ವಿಷ

ಬಿಹಾರದ ಸಾರಣ ಜಿಲ್ಲೆಯ ಒಂದು ಶಾಲೆಯಲ್ಲಿ 2013ರ ಜುಲೈನಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಆ ಅಡುಗೆಗೆ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಸೇರಿತ್ತು. ಅಡುಗೆ ಎಣ್ಣೆಯನ್ನು ಕೀಟನಾಶಕದ ಡಬ್ಬಿಯಲ್ಲಿ ಇಟ್ಟದ್ದೇ ಕಾರಣ ಎಂದು ಹೇಳಲಾಯಿತು. ನಮ್ಮ ಅಂಗಳದಲ್ಲಿ ಗಟ್ಟಿಯಾಗಿದೆಯೆಂದು ಇಟ್ಟುಕೊಂಡ ಕ್ಯಾನು ಕೂಡ ಅಷ್ಟೇ ಅಪಾಯಕಾರಿ.

ಮಾಡಬೇಕಾದ್ದು

• ಖಾಲಿಯಾದ ಡಬ್ಬಿಯನ್ನು ಮೂರು ಸಲ ತೊಳೆದು, ಆ ನೀರನ್ನು ಪಂಪಿಗೇ ಹಾಕಿ. ಆಮೇಲೆ ಯಾರೂ ಬಳಸಲಾಗದಂತೆ ತೂತು ಮಾಡಿ, ಚಪ್ಪಟೆ ಮಾಡಿ, ಬೇರೆಯಾಗಿ ಇಡಿ.

• ಉಳಿದ ಔಷಧವನ್ನು ಅದರದೇ ಡಬ್ಬಿಯಲ್ಲಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಅಡುಗೆಮನೆಯಿಂದ, ಜೋಳದ ಚೀಲಗಳಿಂದ ದೂರ ಇಡಿ. ಬೀಗದ ಕೈ ಮನೆಯ ಒಬ್ಬ ಜವಾಬ್ದಾರಿಯುತ ಹಿರಿಯರ ಬಳಿ ಇರಲಿ. ಸಿಟ್ಟಿನ, ದುಃಖದ ಒಂದು ಗಳಿಗೆಯಲ್ಲಿ ಕೈಗೆ ಎಟುಕಿದ ಡಬ್ಬಿಯೇ ನಮ್ಮ ಹಳ್ಳಿಗಳ ಎಷ್ಟೋ ಮನೆಗಳ ದೀಪ ಆರಿಸಿದೆ. ಎಟುಕದಂತೆ ಇಟ್ಟರೆ ಒಂದು ಜೀವ ಉಳಿಯುತ್ತದೆ.

ಮಾಡಬಾರದ್ದು

• ಆ ಡಬ್ಬಿಯಲ್ಲಿ ನೀರು, ಎಣ್ಣೆ, ಸೀಮೆಎಣ್ಣೆ, ಬೀಜ ಏನೂ ತುಂಬಬೇಡಿ. ನೀರಿನ ಬಾಟಲಿಗೆ, ತಂಪು ಪಾನೀಯದ ಬಾಟಲಿಗೆ ಔಷಧ ಸುರಿದಿಡಬೇಡಿ.

• ಡಬ್ಬಿ, ಪ್ಲಾಸ್ಟಿಕ್ ಚೀಲ ಸುಡಬೇಡಿ. ಅಂಟಿದ ವಿಷ ಹೊಗೆಯಾಗಿ ಮನೆಯವರ ಉಸಿರಿಗೇ ಬರುತ್ತದೆ.

• ಇಲಿ ಪಾಷಾಣವನ್ನು ರೊಟ್ಟಿ ಚೂರಿಗೆ, ಕೊಬ್ಬರಿಗೆ, ಟೊಮೆಟೊಗೆ ಹಚ್ಚಿ ಮಕ್ಕಳ ಕೈಗೆ ಸಿಗುವಲ್ಲಿ ಇಡಬೇಡಿ. ಹಳದಿ ರಂಜಕದ ಇಲಿ ಪೇಸ್ಟು ತಿಂದ ಮಗು ಒಂದೆರಡು ದಿನ ಚೆನ್ನಾಗಿಯೇ ಆಡಿಕೊಂಡಿರಬಹುದು, ಆಮೇಲೆ ಯಕೃತ್ತು ಕೈಕೊಡುತ್ತದೆ. ತಿಂದಿದೆ ಎಂಬ ಅನುಮಾನ ಬಂದರೂ ಸಾಕು, ಅದೇ ಗಳಿಗೆ ಆಸ್ಪತ್ರೆಗೆ ಹೊರಡಿ.

5. ದನ, ಜೇನು, ಹಕ್ಕಿ, ಕಾಡುಪ್ರಾಣಿ

ಮಾಡಬೇಕಾದ್ದು

• ಎಣ್ಣಿ ಹೊಡೆದ ಬದುವಿನ ಹುಲ್ಲನ್ನು ದನಕ್ಕೆ ಹಾಕುವ ಮುನ್ನ ಲೇಬಲ್ಲಿನ ದಿನ ಎಣಿಸಿ. ದನ ಜೊಲ್ಲು ಸುರಿಸಿ ನಡುಗಿದರೆ 1962ಕ್ಕೆ ಫೋನ್ ಮಾಡಿ ಪಶುವೈದ್ಯರನ್ನು ಕರೆಸಿ. ಆ ಹಾಲು ಮನೆಗೂ ಬೇಡ, ಡೇರಿಗೂ ಬೇಡ.

• ಬೆಳೆ ಹೂವಿನಲ್ಲಿರುವಾಗ ಔಷಧ ಹೊಡೆಯದಿರಿ. ಹೊಡೆಯಲೇಬೇಕಾದರೆ ಜೇನು ಗೂಡಿಗೆ ಮರಳಿದ ಮೇಲೆ, ಸಂಜೆ ಹೊಡೆಯಿರಿ.

• ಬೀಜೋಪಚಾರ ಮಾಡಿದ ಕಾಳು ನೆಲದ ಮೇಲೆ ಚೆಲ್ಲಿದ್ದರೆ ಆರಿಸಿ ಮಣ್ಣು ಮುಚ್ಚಿ. ಅದನ್ನು ಹೆಕ್ಕಿದ ನವಿಲು, ಪಾರಿವಾಳ, ಗುಬ್ಬಿ ಸಾಯಬಹುದು.

• ದನದ ನೋವಿಗೆ ಮೆಲಾಕ್ಸಿಕಾಮ್ ಕೊಡಿ ಎಂದು ಪಶುವೈದ್ಯರನ್ನು ಕೇಳಿ. ಡೈಕ್ಲೋಫೆನಾಕ್ ಎಂಬ ನೋವಿನ ಔಷಧ ಚುಚ್ಚಿದ ದನ ಸತ್ತು, ಆ ಹೆಣ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. ಬಿಳಿಬೆನ್ನಿನ ರಣಹದ್ದು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಅಳಿಯಿತು. 2006ರಲ್ಲಿ ದನಗಳಿಗೆ ಡೈಕ್ಲೋಫೆನಾಕ್, 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್ ನಿಷೇಧವಾದವು. ರಣಹದ್ದು ಇಲ್ಲದೆ ಹೆಣಗಳು ಕೊಳೆತು, ನಾಯಿಗಳು ಹೆಚ್ಚಿ, ನೀರು ಕೆಟ್ಟು 2000ದಿಂದ 2005ರವರೆಗೆ ಭಾರತದಲ್ಲಿ ಸುಮಾರು 5 ಲಕ್ಷ ಜನ ಹೆಚ್ಚಾಗಿ ಸತ್ತರು ಎಂದು 2024ರಲ್ಲಿ ಪ್ರಕಟವಾದ ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು ಅಂದಾಜಿಸಿದೆ. ಹಕ್ಕಿಗೆ ಬಂದ ಸಾವು ನಮ್ಮ ಮನೆಗೂ ಬರುತ್ತದೆ ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಮಾಡಬಾರದ್ದು

• ಹುಲಿ, ಚಿರತೆ ದನ ಕೊಂದರೆ ಆ ಹೆಣಕ್ಕೆ ವಿಷ ಹಾಕಬೇಡಿ. ನಮ್ಮ ತಾಲ್ಲೂಕಿನ ಭೀಮಗಡ ಕಾಡಿಗೆ ಹೊಂದಿಕೊಂಡಿರುವ ಗೋವಾದ ಮಹದಾಯಿ ಕಾಡಿನಲ್ಲಿ 2020ರ ಜನವರಿಯಲ್ಲಿ ಹೀಗೆ ನಾಲ್ಕು ಹುಲಿಗಳು ಸತ್ತವು. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷದ ಹೆಣ ತಿಂದು ಸತ್ತವು. ಸತ್ತ ದನಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ, ಅದನ್ನು ಹಕ್ಕಿನಿಂದ ಕೇಳಿ. ಹುಲಿ, ಚಿರತೆ, ನವಿಲನ್ನು ಕೊಂದರೆ 3ರಿಂದ 7 ವರ್ಷ ಜೈಲು.

• ಹಂದಿಗೆ, ನಾಯಿಗೆ, ನವಿಲಿಗೆ ವಿಷದ ಉಂಡೆ ಇಡಬೇಡಿ. ಅದನ್ನು ಯಾರು ತಿನ್ನುತ್ತಾರೆಂದು ಇಟ್ಟವರ ಕೈಯಲ್ಲಿಲ್ಲ.

6. ವಿಷ ಏರಿದರೆ

ಕಣ್ಣಿನ ಪಾಪೆ ಸಣ್ಣದಾಗುವುದು, ಬೆವರು, ಜೊಲ್ಲು, ವಾಂತಿ, ಮೈ ಅದುರುವುದು, ಉಸಿರು ಕಟ್ಟುವುದು: ಇವು ಬಹಳಷ್ಟು ಕೀಟನಾಶಕಗಳ ಲಕ್ಷಣ. ನರಗಳ ಸಂದೇಶವನ್ನು ನಿಲ್ಲಿಸುವ ಕಿಣ್ವವನ್ನು ಅವು ಕಟ್ಟಿಹಾಕುತ್ತವೆ, ಅದಕ್ಕೇ ಸ್ನಾಯುಗಳು ಬಿಗಿಯಾಗಿ ಸೋಲುತ್ತವೆ. ಆಟ್ರೊಪಿನ್ ಎಂಬ ಚುಚ್ಚುಮದ್ದು ಹೊತ್ತಿಗೆ ಸರಿಯಾಗಿ ಸಿಕ್ಕರೆ ಜೀವ ಉಳಿಯಬಹುದು.

ಮಾಡಬೇಕಾದ್ದು

• 108ಕ್ಕೆ ಫೋನ್ ಮಾಡಿ. ವ್ಯಕ್ತಿಯನ್ನು ಹೊಲದಿಂದ ಹೊರಗೆ ಗಾಳಿಗೆ ತನ್ನಿ, ಒದ್ದೆ ಬಟ್ಟೆ ತೆಗೆದು ಸಾಬೂನಿನಿಂದ ಮೈ ತೊಳೆಯಿರಿ, ಎಡಕ್ಕೆ ಮಗ್ಗುಲಾಗಿ ಮಲಗಿಸಿ. ತೊಳೆಯುವವರು ಕೈಗವಸು ಹಾಕಿ.

• ಡಬ್ಬಿಯನ್ನೋ ಲೇಬಲ್ಲನ್ನೋ ಜೊತೆಗೆ ಒಯ್ಯಿರಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ಅಲ್ಲಿಂದ ಖಾನಾಪುರ ಅಥವಾ ಬೆಳಗಾವಿಯ ದೊಡ್ಡಾಸ್ಪತ್ರೆ: ಎಲ್ಲೂ ಹೊತ್ತು ಕಳೆಯಬೇಡಿ.

ಮಾಡಬಾರದ್ದು

• ಉಪ್ಪಿನ ನೀರು, ಹುಣಸೆ ನೀರು, ಸಾಬೂನು ನೀರು ಕುಡಿಸಿ ವಾಂತಿ ಮಾಡಿಸಬೇಡಿ. ವಾಂತಿ ಶ್ವಾಸಕೋಶಕ್ಕೆ ಇಳಿದರೆ ಅದೇ ಕೊಲ್ಲುತ್ತದೆ.

• ಕಳೆಗೆ ಹೊಡೆಯುವ ಪ್ಯಾರಾಕ್ವಾಟ್ ಒಂದು ಗುಟುಕು ಹೋದರೂ ಕಾಯಬೇಡಿ. ಅದಕ್ಕೆ ಪ್ರತಿವಿಷವಿಲ್ಲ, ಒಂದೊಂದು ಗಂಟೆಯೂ ಮುಖ್ಯ.

• ಮಂತ್ರ, ತಾಯಿತ, ನಾಟಿ ಔಷಧವೆಂದು ದಾರಿ ಬದಲಿಸಬೇಡಿ. ಕೂಲಿಯವರಿಗೆ ಏನಾದರೂ ಆದರೆ ಮರೆಮಾಚಬೇಡಿ. ಅವರನ್ನು ಆಸ್ಪತ್ರೆಗೆ ಮುಟ್ಟಿಸುವುದು ಹೊಲದ ಯಜಮಾನರ ಹೊಣೆ.

7. ಊರೆಲ್ಲ ಸೇರಿ

ಒಬ್ಬರು ಎಚ್ಚರವಾಗಿದ್ದು ಪಕ್ಕದವರು ಎಚ್ಚರವಿಲ್ಲದಿದ್ದರೆ ಗಾಳಿ, ನೀರು ಇಬ್ಬರಿಗೂ ಒಂದೇ. ಆದ್ದರಿಂದ ಮುಂದಿನ ಗ್ರಾಮಸಭೆಯಲ್ಲಿ ಮೂರು ವಿಷಯ ಎತ್ತಿ, ಠರಾವು ಬರೆಯಿಸಿ. ಖಾಲಿ ಡಬ್ಬಿ ಸಂಗ್ರಹಿಸಲು ಬೀಗವಿರುವ ಒಂದು ಜಾಗ ಬೇಕು. ಕೂಲಿಗೆ ಎಣ್ಣಿ ಹೊಡೆಯುವವರಿಗೆ ಕೈಗವಸು, ಮಾಸ್ಕು, ಬೂಟು ಕೊಡಿಸುವುದು ಕಡ್ಡಾಯವಾಗಬೇಕು. ಹಳ್ಳದಲ್ಲಿ ಮೀನು, ಹೊಲದಲ್ಲಿ ನವಿಲು, ಗೂಡಿನಲ್ಲಿ ಜೇನು ಒಟ್ಟಿಗೆ ಸತ್ತರೆ ಪಂಚಾಯ್ತಿಗೆ, ಕೃಷಿ ಇಲಾಖೆಗೆ, ಅರಣ್ಯ ಇಲಾಖೆಗೆ ಅಂದೇ ತಿಳಿಸುವ ಒಬ್ಬರನ್ನು ನೇಮಿಸಬೇಕು.

ಪಡ್ರೆಯವರಿಗೆ ಕರುಗಳು ಹೇಳಿದ ಮಾತು ಇಪ್ಪತ್ತು ವರ್ಷ ಯಾರ ಕಿವಿಗೂ ಬೀಳಲಿಲ್ಲ. ನಮ್ಮ ಊರಿನಲ್ಲಿ ಒಂದು ಪ್ರಾಣಿ ಕಾರಣವಿಲ್ಲದೆ ಸತ್ತರೂ ಅಂದೇ ಕಾರಣ ಹುಡುಕಿ, ಕಾರಣ ಎಣ್ಣಿಯಾಗಿದ್ದರೆ ಅದನ್ನು ಹೊಡೆಯುವುದನ್ನು ಅಂದೇ ನಿಲ್ಲಿಸಿ.